ಬಿಸಿ ಏರಿಸಿದರೆ ಡೀಸೆಲ್ ಜಾಸ್ತಿ ಸಿಗಲ್ವಾ?

ಪ್ರಶ್ನೆ: ಕಚ್ಚಾ ತೈಲ ಅದೇ, ಅದರ ಆವಿಯನ್ನು ಬೇರೆಬೇರೆ ಇಂಧನಗಳಾಗಿ ಬೇರ್ಪಡಿಸುವ ಗೋಪುರವೂ ಅದೇ. ಹಾಗಿದ್ದರೆ ರಿಫೈನರಿಗಳು ಬಟ್ಟಿ ಇಳಿಸುವುದರಲ್ಲೇ ಹೆಚ್ಚು ಲಾಭ ಮಾಡುವುದು ಹೇಗೆ? ಎಣ್ಣೆ ಕಾಯಿಸುವ ಫರ್ನೇಸ್ (ಕುಲುಮೆ) ಬಿಸಿ ಏರಿಸಿದರೆ ಸಾಕಾ?

ಉತ್ತರ: ಬಿಸಿ ಏರಿಸಿದರೆ ಡೀಸೆಲ್ ಸ್ವಲ್ಪ ಜಾಸ್ತಿ ಸಿಗುತ್ತದೆ ನಿಜ. ಆದರೆ ಅದಕ್ಕೊಂದು ಮಿತಿ ಇದೆ. ಕ್ರೂಡ್, ಅಂದರೆ ಕಚ್ಚಾ ತೈಲವನ್ನು ಸಾಮಾನ್ಯವಾಗಿ 350ರಿಂದ 370 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಗೋಪುರಕ್ಕೆ ಬಿಡುತ್ತಾರೆ. ಅದನ್ನು ಮೀರಿದರೆ ಎಣ್ಣೆಯ ಅಣುಗಳೇ ಒಡೆಯತೊಡಗುತ್ತವೆ. ತಳ ಹಿಡಿದ ಪಾತ್ರೆಯ ಹಾಗೆ ಫರ್ನೇಸಿನ ಕೊಳವೆಗಳ ಒಳಗೆ ಕೋಕ್ ಎಂಬ ಗಟ್ಟಿ ಕರಿ ಕಟ್ಟುತ್ತದೆ. ಅದಕ್ಕೇ ತಳದಲ್ಲಿ ಉಳಿದದ್ದನ್ನು ವ್ಯಾಕ್ಯೂಮ್ ಗೋಪುರಕ್ಕೆ ಕಳಿಸುವುದು. ಅಲ್ಲಿ ಒತ್ತಡ ತೀರಾ ಕಡಿಮೆ, ಹಾಗಾಗಿ ಹೆಚ್ಚುಕಡಿಮೆ ಅದೇ ಬಿಸಿಯಲ್ಲಿ ಇನ್ನಷ್ಟು ಭಾಗ ಆವಿಯಾಗುತ್ತದೆ.

ನನ್ನ ಪ್ರಕಾರ ನಿಜವಾದ ದುಡ್ಡು ಇರುವುದು ಒಂದು ಇಂಧನಕ್ಕೂ ಇನ್ನೊಂದಕ್ಕೂ ನಡುವಿನ ಬದುವಿನಲ್ಲಿ. ಗೋಪುರದ ತುದಿಯಲ್ಲಿ ಬೇಗ ಆವಿಯಾಗುವ ಹಗುರ ಎಣ್ಣೆಯಾದ ನಾಫ್ತಾ, ಅದರ ಕೆಳಗೆ ಸೀಮೆಎಣ್ಣೆ, ಇನ್ನೂ ಕೆಳಗೆ ಡೀಸೆಲ್. ಇವುಗಳ ನಡುವೆ ಗೋಡೆಯೇನೂ ಇಲ್ಲ. ಒಂದರ ಬಾಲ ಇನ್ನೊಂದರ ತಲೆಯೊಳಗೆ ಸೇರಿಕೊಂಡಿರುತ್ತದೆ. ಆ ನಡುವಿನ ಎಣ್ಣೆ ಯಾವ ಕಡೆ ಹೋದರೂ ನಡೆಯುತ್ತದೆ, ಪರೀಕ್ಷೆಯಲ್ಲಿ ಪಾಸಾದರೆ ಆಯಿತು. ಸೀಮೆಎಣ್ಣೆ ಭಾಗದಿಂದ ಬರುವ, ವಿಮಾನಕ್ಕೆ ಹಾಕುವ ಜೆಟ್ ಎ-1 ಇಂಧನವನ್ನೇ ನೋಡಿ. ಅದರ ಫ್ಲ್ಯಾಷ್ ಪಾಯಿಂಟ್ (ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಕನಿಷ್ಠ ತಾಪಮಾನ) 38 ಡಿಗ್ರಿಗಿಂತ ಇಳಿಯಬಾರದು, ಅಂದರೆ ಮೇಲಿಂದ ನಾಫ್ತಾ ಜಾಸ್ತಿ ಸೇರಬಾರದು. ಮೈನಸ್ 47 ಡಿಗ್ರಿವರೆಗೆ ಅದು ಹೆಪ್ಪುಗಟ್ಟಲೂಬಾರದು, ಅಂದರೆ ಕೆಳಗಿಂದ ಡೀಸೆಲ್ ಭಾಗ ಜಾಸ್ತಿ ಬರಬಾರದು. ಇವೆರಡರ ನಡುವೆ ಎಷ್ಟು ಜಾಗ ಇದೆಯೋ ಅಷ್ಟರಲ್ಲಿ ಆಟ. ಡೀಸೆಲ್ ಬೆಲೆ ಏರಿದಾಗ ನಡುವಿನ ಎಣ್ಣೆ ಡೀಸೆಲ್‌ಗೆ ಸೇರುವಂತೆ ಬದುವನ್ನು ಸ್ವಲ್ಪ ಆಚೆ ಸರಿಸುತ್ತಾರೆ, ಜೆಟ್ ಬೆಲೆ ಏರಿದಾಗ ಜೆಟ್‌ಗೆ ಸೇರುವಂತೆ ಈಚೆ.

ಹೇಳುವಷ್ಟು ಸುಲಭ ಅಲ್ಲ ಇದು. ಯುರೋಪಿನ ಮಾನದಂಡದ ಪ್ರಕಾರ ಡೀಸೆಲ್‌ನ 95% ಭಾಗ 360 ಡಿಗ್ರಿಯೊಳಗೆ ಆವಿಯಾಗಬೇಕು. ಲ್ಯಾಬ್ ವರದಿ ಬರುವಷ್ಟರಲ್ಲಿ ಗಂಟೆಗಳೇ ಕಳೆದಿರುತ್ತವೆ. ಎಲ್ಲಿ ಫೇಲಾಗುತ್ತೋ ಎಂಬ ಭಯಕ್ಕೆ ಆಪರೇಟರ್ ಆ 95% ಭಾಗ 350 ಡಿಗ್ರಿಯೊಳಗೇ ಆವಿಯಾಗುವಂತೆ ಡೀಸೆಲನ್ನು ನಿಲ್ಲಿಸಿಬಿಡುತ್ತಾನೆ. ಅವನನ್ನು ಬೈಯುವ ಹಾಗೂ ಇಲ್ಲ, ಅಲ್ವಾ? ಆದರೆ ಆ 10 ಡಿಗ್ರಿಯಷ್ಟು ಎಣ್ಣೆ ಡೀಸೆಲ್ ಆಗದೆ ಸುಮ್ನೆ ತಳಕ್ಕೆ ಇಳಿದುಹೋಗುತ್ತದೆ. ದಿನಕ್ಕೆ 1 ಲಕ್ಷ ಬ್ಯಾರೆಲ್ ಬಟ್ಟಿ ಇಳಿಸುವ ಘಟಕದಲ್ಲಿ 1% ಹೀಗೆ ಜಾರಿದರೂ 1,000 ಬ್ಯಾರೆಲ್, ಅಂದರೆ ಸುಮಾರು 1,59,000 ಲೀಟರ್. ತಾಪಮಾನ, ಒತ್ತಡ, ಹರಿವು ನೋಡಿ ಗುಣಮಟ್ಟವನ್ನು ಕ್ಷಣಕ್ಷಣಕ್ಕೂ ಅಂದಾಜು ಮಾಡುವ ಕಂಪ್ಯೂಟರ್ ನಿಯಂತ್ರಣಕ್ಕೆ ರಿಫೈನರಿಗಳು ಹಣ ಸುರಿಯುವುದು ಇದಕ್ಕೇ.

ಯಾವ ಕ್ರೂಡ್ ಕೊಳ್ಳಬೇಕು ಎಂಬ ಲೆಕ್ಕ ಬೇರೆಯೇ ಇದೆ. ಅದನ್ನು 1950ರ ದಶಕದಿಂದಲೂ ಲೀನಿಯರ್ ಪ್ರೋಗ್ರಾಮಿಂಗ್ ಎಂಬ ಗಣಿತದಿಂದ ಮಾಡುತ್ತಾ ಬಂದಿದ್ದಾರೆ.

ಇನ್ನು ಇಂಧನದ ಖರ್ಚು. ಗೋಪುರದಿಂದ ಹೊರಬರುವ ಬಿಸಿ ಎಣ್ಣೆಯಿಂದಲೇ ಒಳಹೋಗುವ ತಣ್ಣನೆ ಕ್ರೂಡನ್ನು ಕಾಯಿಸಿಕೊಂಡರೆ ಫರ್ನೇಸಿನ ಕೆಲಸ ಅಷ್ಟು ಕಡಿಮೆ. ಇದರಲ್ಲೂ ಒಂದು ಸಿಕ್ಕು ಇದೆ. ಶಾಖ ಉಳಿಸುವ ಆಸೆಗೆ ಗೋಪುರದ ನಡುವಿನಿಂದ ಬಿಸಿಯನ್ನು ಜಾಸ್ತಿ ಎಳೆದರೆ, ಅದರ ಮೇಲಿನ ತಟ್ಟೆಗಳಲ್ಲಿ (ಆವಿ ಮತ್ತು ದ್ರವ ಸಂಧಿಸಿ ಬೇರ್ಪಡುವ ಅಂತಸ್ತುಗಳಲ್ಲಿ) ಕೆಳಗಿಳಿಯುವ ದ್ರವ ಕಡಿಮೆಯಾಗುತ್ತದೆ, ಬದು ಇನ್ನಷ್ಟು ಮಸುಕಾಗುತ್ತದೆ. ಫರ್ನೇಸಿನಲ್ಲಿ ಉಳಿಸಿದ್ದನ್ನು ಜೆಟ್ ಮತ್ತು ಡೀಸೆಲ್ ನಡುವೆ ಕಳೆದುಕೊಂಡ ಹಾಗಾಗುತ್ತದೆ.