ಮಗು ಉಳಿಯಲಿಲ್ಲ, ಹೆರಿಗೆ ರಜೆ ಸಿಗುತ್ತಾ?

ಪ್ರಶ್ನೆ: ಎಂಟು ತಿಂಗಳಿಗೆ ನಮ್ಮ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ‘ಮಗುವೇ ಇಲ್ಲವಲ್ಲ, ಹೆರಿಗೆ ರಜೆ ಯಾಕೆ?’ ಎಂದು ಹೆಂಡತಿಯ ಆಫೀಸಿನಲ್ಲಿ ಕೇಳುತ್ತಿದ್ದಾರೆ. ಅವಳಿಗೆ ರಜೆ ಸಿಗುತ್ತಾ? ನನಗೆ?

ಉತ್ತರ: ನಿಮ್ಮ ಹೆಂಡತಿಗೆ ಸಿಗುತ್ತದೆ, ಪೂರ್ತಿ ಸಿಗುತ್ತದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ‘ಮಗು’ ಅಂದರೆ ಸತ್ತು ಹುಟ್ಟಿದ ಮಗುವೂ ಹೌದು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಈ ಹಕ್ಕು ಹೋಗಿಲ್ಲ. ರಜೆ ಇರುವುದು ಮಗುವಿನ ಆರೈಕೆಗೆ ಮಾತ್ರವಲ್ಲ, ಹೆತ್ತವಳ ಮೈ ಸುಧಾರಿಸಲಿಕ್ಕೂ. ತೊಟ್ಟಿಲು ಖಾಲಿಯಿದ್ದರೂ ಎದೆಹಾಲು ಬರುತ್ತದೆ, ಹೊಲಿಗೆ ನೋಯುತ್ತದೆ. ಅದೂ ಬಾಣಂತನವೇ ಅಲ್ವಾ?

ಕಾನೂನು ಗೆರೆ ಎಳೆದಿರುವುದು 26ನೇ ವಾರಕ್ಕೆ. ಅದು ದಾಟಿದ್ದರೆ ಹೆರಿಗೆ ಎಂದೇ ಲೆಕ್ಕ, ಸಂಬಳದ ಜೊತೆ 26 ವಾರ ರಜೆ. ಈಗಾಗಲೇ ಇಬ್ಬರು ಮಕ್ಕಳಿದ್ದರೆ 12 ವಾರ. 26ನೇ ವಾರ ದಾಟುವ ಮುಂಚೆ ಹೋದರೆ ಗರ್ಭಪಾತ, 6 ವಾರ. ಹೆರಿಗೆ ರಜೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಹೆರಿಗೆ ಅಥವಾ ಗರ್ಭಪಾತದಿಂದಲೇ ಕಾಯಿಲೆ ಬಿದ್ದರೆ ಇನ್ನೊಂದು ತಿಂಗಳು ಕೇಳಬಹುದು.

ಇಎಸ್‌ಐಗೆ (ನೌಕರರ ರಾಜ್ಯ ವಿಮೆಗೆ) ಸೇರಿದ್ದರೆ, ಅಂದರೆ ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದರೆ, ಹಣ ಕೊಡುವುದು ಕಂಪನಿಯಲ್ಲ, ಇಎಸ್‌ಐ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳು) 70 ದಿನದ ವಂತಿಗೆ ಹೋಗಿರಬೇಕು. ಹಾಗಾಗಿ ಇಎಸ್‌ಐ ಇದ್ದರೆ, ‘ನಮಗೆ ಖರ್ಚು’ ಎಂಬ ಕಂಪನಿಯ ಮಾತನ್ನು ನಂಬಬೇಡಿ.

ಇನ್ನೊಂದು ಮಾತು ಜೋರಾಗಿಯೇ ಹೇಳುತ್ತೇನೆ. ಹೆರಿಗೆಯಾಗಲಿ ಗರ್ಭಪಾತವಾಗಲಿ, ಮೊದಲ 6 ವಾರ ನಿಮ್ಮ ಹೆಂಡತಿಯಿಂದ ಕೆಲಸ ಮಾಡಿಸುವಂತೆಯೇ ಇಲ್ಲ. ‘ಮನೆಯಿಂದ ಸುಮ್ನೆ ಒಂದು ಗಂಟೆ ಲಾಗಿನ್ ಆಗಿ’ ಅನ್ನುವುದೂ ಕೆಲಸವೇ. ಈ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ.

ನಿಮ್ಮ ಪ್ರಶ್ನೆಗೆ ಬಂದರೆ ಮನಸ್ಸು ಭಾರವಾಗುತ್ತದೆ. ಬ್ರಿಟನ್ನಿನಲ್ಲಿ 2020ರ ಏಪ್ರಿಲ್‌ನಿಂದ ಮಗು ಕಳೆದುಕೊಂಡ ಅಪ್ಪನಿಗೂ 2 ವಾರ ರಜೆಯಿದೆ. ನಮ್ಮಲ್ಲಿ ಖಾಸಗಿ ನೌಕರಿಯ ಅಪ್ಪನಿಗೆ ಅಂಥ ಕಾನೂನಿಲ್ಲ. ಅವನೂ ಮಗು ಕಳೆದುಕೊಂಡವನೇ ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಕರ್ನಾಟಕದ ಅಂಗಡಿ, ಆಫೀಸುಗಳಲ್ಲಿ ಕಾಯಿಲೆಗೆ ಅಥವಾ ‘ಸಕಾರಣ’ಕ್ಕೆ ವರ್ಷಕ್ಕೆ 12 ದಿನ ಸಂಬಳದ ರಜೆಯಿದೆ. ಇದಕ್ಕಿಂತ ದೊಡ್ಡ ಕಾರಣ ಯಾವುದಿದೆ? ಅದನ್ನು ಕೇಳಿ, ಜೊತೆಗೆ ಗಳಿಕೆ ರಜೆ ಸೇರಿಸಿಕೊಳ್ಳಿ.

ಅರ್ಜಿಯನ್ನು ಬರವಣಿಗೆಯಲ್ಲೇ ಕೊಡಿ. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲಿ ಎಷ್ಟು ವಾರದ ಗರ್ಭ ಎಂಬುದು ಇದೆಯಾ ನೋಡಿ, ಇಲ್ಲದಿದ್ದರೆ ಬರೆಸಿಕೊಳ್ಳಿ. ಆಫೀಸಿಗೆ ನೀವೇ ಮೇಲ್ ಕಳಿಸಿ. ನಿಮ್ಮ ಹೆಂಡತಿ ಎಲ್ಲರಿಗೂ ಮತ್ತೆ ಮತ್ತೆ ಫೋನಿನಲ್ಲಿ ವಿವರಿಸುವ ಹಾಗಾಗದಿರಲಿ.