ದಿನಾ ಥೈರಾಯ್ಡ್ ಮಾತ್ರೆ ನುಂಗಿದರೂ ಟಿಎಸ್‌ಎಚ್ ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ: ನನಗೆ 34 ವರ್ಷ. ಎರಡು ವರ್ಷದಿಂದ 75 ಮೈಕ್ರೋಗ್ರಾಂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಆದರೂ ಈ ಸಲ ಟಿಎಸ್‌ಎಚ್ 9 ಬಂದಿದೆ, ಸುಸ್ತೂ ಹೋಗಿಲ್ಲ. ಡೋಸ್ ಹೆಚ್ಚಿಸಬೇಕೆ?

ಉತ್ತರ: ಹೆಚ್ಚಿಸಬೇಕಾಗಬಹುದು. ಆದರೆ ಅದಕ್ಕೂ ಮೊದಲು, ಮಾತ್ರೆಯನ್ನು ಹೇಗೆ ನುಂಗುತ್ತಿದ್ದೀರಿ ಎಂದು ನೋಡಿಕೊಳ್ಳಿ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಸಾಲದಾದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ, ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ಎಂಬ ಹಾರ್ಮೋನನ್ನು ಏರಿಸುತ್ತದೆ. ನಿಮ್ಮ 9 ಹೇಳುವುದು ಇಷ್ಟೇ: ರಕ್ತಕ್ಕೆ ಬೇಕಾದಷ್ಟು ಹಾರ್ಮೋನು ಸೇರುತ್ತಿಲ್ಲ.

ನಿಮ್ಮ ಮಾತ್ರೆಯಲ್ಲಿರುವ ಔಷಧಿ ಲೆವೊಥೈರಾಕ್ಸಿನ್ ಸಣ್ಣ ಕರುಳಿನಲ್ಲಿ ಹೀರಲ್ಪಡುತ್ತದೆ, ಅದಕ್ಕೆ ಹೊಟ್ಟೆ ಖಾಲಿ ಇರಬೇಕು. ಆರು ಗಂಟೆಗೆ ಮಾತ್ರೆ, ಆರೂ ಐದಕ್ಕೆ ಕಾಫಿ ಎನ್ನುವುದು ಎಷ್ಟೋ ಮನೆಗಳ ರೂಢಿ. ಎಡವಟ್ಟಾಗುವುದು ಅಲ್ಲಿಯೇ. ಎದ್ದ ಕೂಡಲೇ ಬರೀ ನೀರಿನಲ್ಲಿ ನುಂಗಿ, ಕಾಫಿ-ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡಿ. ಅಷ್ಟು ಕಾಯಲು ಆಗದವರು ವೈದ್ಯರಿಗೆ ತಿಳಿಸಿ, ರಾತ್ರಿ ಊಟವಾಗಿ ಮೂರು ಗಂಟೆಯ ನಂತರ ತೆಗೆದುಕೊಳ್ಳಬಹುದು. ಯಾವ ಹೊತ್ತಾದರೂ ಸರಿ, ದಿನವೂ ಅದೇ ಇರಲಿ.

ಕಾಫಿಗಿಂತ ದೊಡ್ಡ ತೊಡಕು ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳು. ಇವು ಕರುಳಿನಲ್ಲೇ ಔಷಧಿಗೆ ಅಂಟಿಕೊಂಡು ಅದನ್ನು ಹೀರಲು ಬಿಡುವುದಿಲ್ಲ, ಹಾಗಾಗಿ ನಾಲ್ಕು ಗಂಟೆ ಅಂತರ ಬೇಕೇ ಬೇಕು. ಮಲ್ಟಿವಿಟಮಿನ್‌ನಲ್ಲೂ ಇವು ಇರಬಹುದು ಎಂಬುದು ಹಲವರ ಗಮನಕ್ಕೆ ಬರುವುದಿಲ್ಲ, ಲೇಬಲ್ ಓದಿ. ಗ್ಯಾಸ್ಟ್ರಿಕ್‌ಗೆಂದು ಪ್ಯಾಂಟೊಪ್ರಜೋಲ್ ತಿಂಗಳುಗಟ್ಟಲೆ ನುಂಗುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು.

ಡಬ್ಬಿಯನ್ನು ಒಲೆಯ ಪಕ್ಕದ ಗೂಡಿನಲ್ಲಿ ಇಡಬೇಡಿ. ಬಿಸಿ, ತೇವ, ಬೆಳಕು ಮೂರೂ ಈ ಔಷಧಿಯ ಕಸುವು ಕುಗ್ಗಿಸುತ್ತವೆ. ಬ್ರ್ಯಾಂಡ್ ಬದಲಾದರೆ ಆರು ವಾರದ ನಂತರ ಟಿಎಸ್‌ಎಚ್ ನೋಡಿಸಿ.

ಇವೆಲ್ಲ ಸರಿಪಡಿಸಿಕೊಂಡು 6ರಿಂದ 8 ವಾರ ಬಿಟ್ಟು ಪರೀಕ್ಷೆ ಮಾಡಿಸಿ. ಎರಡೇ ವಾರಕ್ಕೆ ಮಾಡಿಸಿದರೆ ದುಡ್ಡು ದಂಡ, ಟಿಎಸ್‌ಎಚ್ ಅಷ್ಟು ಬೇಗ ಒಂದು ಮಟ್ಟಕ್ಕೆ ನಿಲ್ಲುವುದಿಲ್ಲ. ಕೂದಲಿಗೆಂದು ಬಯೋಟಿನ್ ನುಂಗುತ್ತಿದ್ದರೆ ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ; ಅದು ವರದಿಯ ಅಂಕಿಯನ್ನೇ ತಪ್ಪಿಸುತ್ತದೆ. ಆಗಲೂ ಟಿಎಸ್‌ಎಚ್ ಹೆಚ್ಚೇ ಇದ್ದರೆ ವೈದ್ಯರು ಡೋಸ್ ಏರಿಸುತ್ತಾರೆ. ಗ್ರಂಥಿ ಪೂರ್ತಿ ಕೈಕೊಟ್ಟವರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 1.6 ಮೈಕ್ರೋಗ್ರಾಂ ಬೇಕಾಗುತ್ತದೆ, ಅಂದರೆ 60 ಕಿಲೋ ಇದ್ದವರಿಗೆ 100ರ ಆಸುಪಾಸು. ವಯಸ್ಸಾದವರಿಗೆ, ಹೃದ್ರೋಗಿಗಳಿಗೆ ಕಡಿಮೆಯಿಂದಲೇ ಶುರು ಮಾಡುತ್ತಾರೆ. ನೀವಾಗಿಯೇ ಏರಿಸಿಕೊಳ್ಳಬೇಡಿ. ಡೋಸ್ ಮಿತಿಮೀರಿದರೆ ಎದೆಬಡಿತ ಏರುಪೇರಾಗುತ್ತದೆ, ಮೂಳೆ ಸವೆಯುತ್ತದೆ.

ಥೈರಾಯ್ಡ್‌ಗೆ ಆಗದು ಎನ್ನುತ್ತಾರಲ್ಲ, ಎಲೆಕೋಸು ಬಿಡಬೇಕೇ ಎಂದು ಚಿಂತಿಸಬೇಡಿ. ಬೇಯಿಸಿ, ಹಿತಮಿತವಾಗಿ ತಿನ್ನಿ. ಅಯೋಡಿನ್ ಉಪ್ಪು ಸಾಕು, ಬೇರೆ ಅಯೋಡಿನ್ ಮಾತ್ರೆ ಬೇಡ.

ನಿಮ್ಮ ವಯಸ್ಸಿನವರಿಗೆ ಇನ್ನೊಂದು ಮಾತು: ಗರ್ಭ ನಿಂತಿದೆ ಎಂದು ತಿಳಿದ ದಿನವೇ ವೈದ್ಯರಿಗೆ ಫೋನ್ ಮಾಡಿ. ಆಗ ಡೋಸ್ ಸಾಮಾನ್ಯವಾಗಿ ಕಾಲು ಭಾಗದಷ್ಟಾದರೂ ಹೆಚ್ಚು ಬೇಕಾಗುತ್ತದೆ. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳಿನ ಬೆಳವಣಿಗೆ ತಾಯಿಯ ಹಾರ್ಮೋನನ್ನೇ ನಂಬಿಕೊಂಡಿರುತ್ತದೆ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯುವಂತಿಲ್ಲ.