ಡಿಸ್ಕ್ ಸವೆದಿದೆಯಂತೆ; ಸೂಜಿಯಲ್ಲೇ ಮುಗಿಯುತ್ತಾ, ಆಪರೇಷನ್ನೇ ಬೇಕಾ?

ಪ್ರಶ್ನೆ: ವಯಸ್ಸು 46, ಮೂಡಿಗೆರೆ ಕಡೆ ಕಾಫಿ ತೋಟ. ಎರಡು ವರ್ಷದಿಂದ ಸೊಂಟನೋವು, ಈಚೆಗೆ ಎಡಗಾಲಿಗೂ ಎಳೆತ. ಎಲ್4-ಎಲ್5 ಡಿಸ್ಕ್ (ಸೊಂಟದ ನಾಲ್ಕನೇ, ಐದನೇ ಮೂಳೆಗಳ ನಡುವಿನ ಮೆತ್ತೆ) ಸವೆದು ಉಬ್ಬಿದೆ ಎಂದು ಎಂಆರ್‌ಐ ರಿಪೋರ್ಟ್. ಬೆನ್ನು ಕೊಯ್ಯದೆ ಸೂಜಿಯಲ್ಲೋ ಲೇಸರ್‌ನಲ್ಲೋ ಸರಿ ಮಾಡುತ್ತಾರಂತೆ. ನಂಬಬಹುದೇ?

ಉತ್ತರ: ಸೊಂಟ ಹೆಚ್ಚು ನೋಯುತ್ತದೋ ಕಾಲು ಹೆಚ್ಚು ನೋಯುತ್ತದೋ, ಮೊದಲು ಅದನ್ನು ಗಮನಿಸಿ. ಎಳೆತ ಮೊಣಕಾಲು ದಾಟಿ ಪಾದಕ್ಕೆ ಇಳಿಯುತ್ತಿದ್ದರೆ ನರ ಒತ್ತಿರುವ ಸಾಧ್ಯತೆ ಹೆಚ್ಚು. ಸಣ್ಣ ಚಿಕಿತ್ಸೆಗಳು ಕೈಹಿಡಿಯುವುದು ಅಲ್ಲೇ. ನೋವೆಲ್ಲ ಸೊಂಟದಲ್ಲೇ ನಿಂತಿದ್ದರೆ ಅವುಗಳಿಂದ ಸಿಗುವ ಲಾಭ ಕಡಿಮೆ.

ರಿಪೋರ್ಟ್ ಒಂದನ್ನೇ ನೆಚ್ಚಬೇಡಿ. ನೋವೇ ಇಲ್ಲದ ನಲವತ್ತರ ಪ್ರಾಯದವರನ್ನು ಸ್ಕ್ಯಾನ್ ಮಾಡಿದರೂ ಮೂವರಲ್ಲಿ ಇಬ್ಬರ ಡಿಸ್ಕ್ ಸವೆದೇ ಇರುತ್ತದೆ. ಎಲ್4-ಎಲ್5 ಒತ್ತಿದಾಗ ಸಾಮಾನ್ಯವಾಗಿ ಜೋಮು ಹಿಡಿಯುವುದು ಪಾದದ ಮೇಲ್ಭಾಗ, ಹೆಬ್ಬೆರಳು. ಕಿರುಬೆರಳ ಕಡೆ ಜೋಮಿದ್ದರೆ ಅದು ಹೆಚ್ಚಾಗಿ ಕೆಳಗಿನ ಎಲ್5-ಎಸ್1 ಡಿಸ್ಕಿನ ಕೆಲಸ. ಚಿತ್ರದಲ್ಲಿ ಕಂಡದ್ದೂ ಕಾಲಿನಲ್ಲಿ ನೋಯುವ ಜಾಗವೂ ತಾಳೆಯಾಗುತ್ತಿಲ್ಲವಾದರೆ, ಏಕೆಂದು ವೈದ್ಯರಿಂದ ತಿಳಿಯುವವರೆಗೆ ಸೂಜಿಗೂ ಒಪ್ಪಬೇಡಿ.

ಕೆಲವಕ್ಕೆ ಮಾತ್ರ ಕಾಯುವಂತಿಲ್ಲ. ಪಾದ ಎತ್ತಲಾಗದೆ ನಡೆಯುವಾಗ ಹವಾಯಿ ಚಪ್ಪಲಿ ಕಳಚಿ ಬೀಳುವುದು, ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು, ತೊಡೆಸಂದಿ-ಗುದದ ಸುತ್ತ ಸ್ಪರ್ಶ ತಿಳಿಯದಿರುವುದು: ಇವು ಕಂಡ ದಿನವೇ ದೊಡ್ಡ ಆಸ್ಪತ್ರೆಗೆ ಹೊರಡಿ. ಜ್ವರ, ತೂಕ ಇಳಿಕೆ, ರಾತ್ರಿಯೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಟಿಬಿಯೇ ಎಂದು ನೋಡಿಸಬೇಕು.

ಇವು ಯಾವುವೂ ಇಲ್ಲದ, ಹೊಸದಾಗಿ ಶುರುವಾದ ಕಾಲುಸೆಳೆತ ಬಹಳಷ್ಟು ಜನರಲ್ಲಿ ಆರರಿಂದ ಹನ್ನೆರಡು ವಾರದಲ್ಲಿ ತಾನಾಗಿ ತಗ್ಗುತ್ತದೆ. ಹೊರಬಂದ ಡಿಸ್ಕಿನ ಚೂರನ್ನು ದೇಹವೇ ಕರಗಿಸುವುದುಂಟು. ಅಷ್ಟು ದಿನ ಮಾತ್ರೆ, ಫಿಸಿಯೋಥೆರಪಿ, ನಡಿಗೆ ಸಾಕು. ತಿಂಗಳುಗಟ್ಟಲೆ ಮಲಗಿದರೆ ಸ್ನಾಯು ಸೊರಗಿ ಇನ್ನೂ ಕೆಡುತ್ತದೆ.

ಅದಕ್ಕೂ ಬಗ್ಗದಿದ್ದರೆ ನರದ ಬುಡಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್. ಬೋರಲು ಮಲಗಿಸಿ, ಚರ್ಮ ಮರಗಟ್ಟಿಸಿ, ಸಿ-ಆರ್ಮ್ ಎಕ್ಸ್‌ರೇ ನೋಡುತ್ತ ಸೂಜಿ ಇಳಿಸುತ್ತಾರೆ. ಮೊದಲು ತುಸು ಡೈ (ಎಕ್ಸ್‌ರೇಯಲ್ಲಿ ಕಾಣುವ ದ್ರವ) ಬಿಟ್ಟು ಅದು ನರದ ಗುಂಟ ಹರಿಯಿತೇ, ರಕ್ತನಾಳಕ್ಕೆ ಹೋಯಿತೇ ನೋಡಿ ಆಮೇಲೆ ಔಷಧ. ಸಿ-ಆರ್ಮ್ ಇಲ್ಲದೆ ಅಂದಾಜಿನಲ್ಲಿ ಚುಚ್ಚುವ ಕಡೆ ಹೋಗಬೇಡಿ: ಔಷಧ ಬೇರೆಲ್ಲೋ ಹೋಗಬಹುದು, ರಕ್ತನಾಳ ಸೇರಿದರೆ ಅಪರೂಪಕ್ಕೆ ಕಾಲುಗಳ ಸ್ವಾಧೀನವೇ ತಪ್ಪೀತು. ಅರ್ಧ ಗಂಟೆಯೊಳಗಿನ ಕೆಲಸ. ಅಂದು ಸಂಜೆ ಮರಗಟ್ಟಿದ್ದು ಇಳಿದು ನೋವು ಮರಳುತ್ತದೆ, ದುಡ್ಡು ದಂಡವಾಯಿತು ಎಂದು ಹಲವರು ಬೈದುಕೊಳ್ಳುವುದು ಆಗಲೇ. ಸ್ಟೀರಾಯ್ಡ್ ಹಿಡಿಯಲು ಎರಡು ಮೂರು ದಿನದಿಂದ ಒಂದು ವಾರ ಬೇಕು. ಹಿಡಿದರೆ ಕೆಲವು ವಾರ, ಕೆಲವೊಮ್ಮೆ ತಿಂಗಳುಗಳ ಆರಾಮ. ಸವೆದ ಡಿಸ್ಕ್ ಮಾತ್ರ ಹಾಗೇ ಇರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಶುಗರ್ ಏರುತ್ತದೆ, ಮನೆಯಲ್ಲಿ ನೋಡಿಕೊಳ್ಳುತ್ತಿರಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಹೃದಯದ ವೈದ್ಯರನ್ನು ಕೇಳದೆ ನೀವಾಗಿ ನಿಲ್ಲಿಸಬೇಡಿ.

ರೇಡಿಯೋಫ್ರೀಕ್ವೆನ್ಸಿ ಬೇರೆಯದೇ ಚಿಕಿತ್ಸೆ. ಸಾಮಾನ್ಯವಾಗಿ ಮಾಡುವ ವಿಧಾನ ಬೆನ್ನಿನ ಸಣ್ಣ ಕೀಲುಗಳ ನೋವಿಗೆ, ಡಿಸ್ಕಿಗಲ್ಲ. ಪರೀಕ್ಷೆಗೆಂದು ಹಾಕಿದ ಇಂಜೆಕ್ಷನ್‌ನಿಂದ ನೋವು ಇಳಿದರೆ ಮಾತ್ರ ಆ ಕೀಲಿನ ನರವನ್ನು ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ನರ ಮತ್ತೆ ಬೆಳೆಯುವುದರಿಂದ ಆರು ತಿಂಗಳಿಂದ ಒಂದು ವರ್ಷದಲ್ಲಿ ನೋವು ಮರಳಬಹುದು.

ಲೇಸರ್ ಎಂಬ ಪದಕ್ಕೆ ಮರುಳಾಗಬೇಡಿ. ಡಿಸ್ಕಿನೊಳಗಿನ ತಿರುಳನ್ನು ತುಸು ಆವಿ ಮಾಡಿ ಒತ್ತಡ ಇಳಿಸುವುದು ಅದರ ಕೆಲಸ. ಡಿಸ್ಕಿನ ಪೊರೆ ಹರಿಯದೆ ಸ್ವಲ್ಪ ಉಬ್ಬಿದವರಲ್ಲಷ್ಟೇ ಅದಕ್ಕೊಂದು ಅರ್ಥ, ಆಧಾರವೂ ಅಷ್ಟಕ್ಕಷ್ಟೆ. ಒಣಗಿ ಚಪ್ಪಟೆಯಾದ ಡಿಸ್ಕಿನಲ್ಲಿ ಆವಿ ಮಾಡಲು ಏನು ಉಳಿದಿರುತ್ತದೆ? ಸ್ಟೆಮ್ ಸೆಲ್‌ನಿಂದ ಡಿಸ್ಕ್ ಬೆಳೆಸುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ. ಸೊಂಟನೋವಿಗೆ ಅದು ಇನ್ನೂ ಪ್ರಯೋಗದ ಹಂತದಲ್ಲಿದೆ.

ಚೂರು ನರವನ್ನು ಒತ್ತಿಯೇ ಇದ್ದರೆ ಎಂಡೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಸಣ್ಣ ಕೊಳವೆ ತೂರಿಸಿ ಆ ಚೂರನ್ನು ತೆಗೆಯುವುದು. ಸುಮಾರು 8 ಮಿಲಿಮೀಟರ್ ಗಾಯ. ಎಷ್ಟೋ ಕಡೆ ರೋಗಿ ಎಚ್ಚರವಿದ್ದಾಗಲೇ ಮಾಡುತ್ತಾರೆ, ನರ ತಗುಲಿದರೆ ಅವರೇ ಹೇಳಲಿ ಎಂದು. ಎರಡು ಮೂರು ಸೆಂಟಿಮೀಟರ್ ಕೊಯ್ದು ಮಾಡುವ ಮೈಕ್ರೋಡಿಸ್ಕೆಕ್ಟಮಿಯ (ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಚೂರು ತೆಗೆಯುವ ಆಪರೇಷನ್) ಫಲವೂ ಕೊನೆಗೆ ಹೆಚ್ಚುಕಡಿಮೆ ಇಷ್ಟೇ, ಹಾಗಾಗಿ ನಿಮ್ಮ ಸರ್ಜನ್‌ಗೆ ಯಾವುದರಲ್ಲಿ ಕೈ ಪಳಗಿದೆಯೋ ಅದೇ ಲೇಸು. ಎರಡರಲ್ಲೂ ನೂರರಲ್ಲಿ ಐದರಿಂದ ಹತ್ತು ಮಂದಿಗೆ ಡಿಸ್ಕ್ ಮತ್ತೆ ಹೊರಬರಬಹುದು. ಮೂಳೆಯೇ ಜಾರಿ ಅಲುಗುತ್ತಿದ್ದರೆ ಸ್ಕ್ರೂ ಹಾಕುವ ಆಪರೇಷನ್ ಬೇಕಾದೀತು.

ಬಿಪಿಎಲ್ ಕಾರ್ಡ್ ಇದ್ದರೆ ಹಾಸನದ ಹಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಅಥವಾ ಚಿಕ್ಕಮಗಳೂರು ಜಿಲ್ಲಾಸ್ಪತ್ರೆಯಲ್ಲಿ ಮೊದಲು ತೋರಿಸಿ, ಆಯುಷ್ಮಾನ್ ಯೋಜನೆಗೆ ಯಾವ ಚಿಕಿತ್ಸೆ ಸೇರಿದೆ ಎಂದು ಅಲ್ಲಿನ ಆರೋಗ್ಯಮಿತ್ರರನ್ನು (ಯೋಜನೆಯ ಸಹಾಯಕರು) ಕೇಳಿ. ಮಂಗಳೂರಿನಲ್ಲಿ ಮಾಡಿಸಿಕೊಂಡರೆ ಅಂದೇ ಚಾರ್ಮಾಡಿ ಹತ್ತಬೇಡಿ; ಒಂದು ರಾತ್ರಿ ಅಲ್ಲೇ ಉಳಿದು, ಮರುದಿನ ಮುಂದಿನ ಸೀಟು ಒರಗಿಸಿಕೊಂಡು, ನಡುನಡುವೆ ಇಳಿದು ನಾಲ್ಕು ಹೆಜ್ಜೆ ಹಾಕುತ್ತ ಬನ್ನಿ. ಕಾಫಿ ಕೊಯ್ಲಿನ ಹೊಸ್ತಿಲಲ್ಲಿ ಆಪರೇಷನ್ ದಿನ ಗೊತ್ತುಮಾಡಬೇಡಿ. ಆಪರೇಷನ್ ಆದ ಮೇಲೆ ಆರು ವಾರ ಐದು ಕೆಜಿಗಿಂತ ಹೆಚ್ಚು ಎತ್ತುವಂತಿಲ್ಲ, ಮೆಣಸಿನ ಏಣಿ ಹತ್ತುವಂತಿಲ್ಲ, ತೋಟದ ರಸ್ತೆಯಲ್ಲಿ ಜೀಪೂ ಬೇಡ. 50 ಕೆಜಿ ಮೂಟೆಗೆ ನೀವು ಕೈಹಾಕುವ ಮಾತು, ಗಾಯ ಮಾಗಿ ಬೆನ್ನಿನ ಸ್ನಾಯು ಬಲವಾದ ಮೇಲೂ, ವೈದ್ಯರು ಒಪ್ಪಿದರೆ ಮಾತ್ರ.